ಸಾಲಿನ ಕೊನೆಯ ಹನ್ನೊಂದು ಮಕ್ಕಳು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕನ್ನಡಿಗಳು ಮುಗಿದವು. ಆಗ ನಾನು ವಾಚು ನೋಡಿದ್ದೆ, ಅದಕ್ಕೇ ಸಮಯ ಇಷ್ಟು ಸರಿಯಾಗಿ ನೆನಪಿದೆ. ಊಟದ ಹೊತ್ತಿಗೆ ಇನ್ನೊಂದು ಶಾಲೆ ತಲುಪಬೇಕಿತ್ತು. ಹಲ್ಲು ನೋಡುವ ಕನ್ನಡಿಯೆಂದರೆ ಉದ್ದ ಹಿಡಿಯ ತುದಿಯಲ್ಲಿ ನಾಣ್ಯದಷ್ಟು ಅಗಲದ ಗಾಜು. ಒಂದು ಮಗುವಿನ ಬಾಯಿಗೆ ಹಾಕಿದ್ದನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡದೆ ಇನ್ನೊಂದು ಬಾಯಿಗೆ ಹಾಕುವಂತಿಲ್ಲ. ಅರವತ್ತು ಕನ್ನಡಿ ತಂದಿದ್ದೆವು, ಅರವತ್ತು ಮಕ್ಕಳನ್ನು ನೋಡಿಯಾಗಿತ್ತು. ಸಾಲಿನಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದರು.

ಮೊನ್ನೆ ಪುಂಜಾಲಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬರು ಟೀಚರ್ ಮಕ್ಕಳನ್ನು ಸಾಲಾಗಿ ರಸ್ತೆ ದಾಟಿಸುತ್ತಿದ್ದರು. ನನ್ನ ಕಣ್ಣು ತಾನಾಗಿ ಸಾಲಿನ ಬಾಲಕ್ಕೆ ಹೋಯಿತು. ಅಲ್ಲಿ ಯಾರಿದ್ದಾರೆ, ಅವರ ಕೆನ್ನೆ ಊದಿದೆಯೇ ಎಂದು ನೋಡುತ್ತ ನಿಂತೆ. ಅಷ್ಟರಲ್ಲಿ ನನ್ನ ಬಸ್ಸು ಬಂದು ಹೊರಟುಹೋಯಿತು. ಮುಂದಿನ ಬಸ್ಸಿಗೆ ಒಂದು ಗಂಟೆ ಇತ್ತು. ಆ ಒಂದು ಗಂಟೆಯಲ್ಲಿ ಆ ಚಳಿಗಾಲವೆಲ್ಲ ಮತ್ತೊಮ್ಮೆ ನನ್ನ ಮೇಲೆ ಹಾದುಹೋಯಿತು.

ನನ್ನ ಮನೆ ಶಿರ್ತಾಡಿ. ದಂತವೈದ್ಯ ಓದು ಮುಗಿಸಿ ಮೂಡುಬಿದಿರೆಯ ಒಂದು ಚಿಕಿತ್ಸಾಲಯಕ್ಕೆ ಸೇರಿದ ಮೊದಲ ವರ್ಷ ಅದು. ದೂರದ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ನೋಡುವ ಒಂದು ಯೋಜನೆ ಅಲ್ಲಿ ನಡೆಯುತ್ತಿತ್ತು, ಹೊಸಬಳಾದ ನನಗೆ ಅದನ್ನು ವಹಿಸಿದ್ದರು. ಒಂದು ವ್ಯಾನು, ನಾನು, ಮತ್ತು ಡ್ರೈವರ್ ಹಮೀದಾಕ. ಅವರಿಗೆ ಐವತ್ತೈದರ ಹತ್ತಿರ ವಯಸ್ಸು. ಎಷ್ಟು ಬೇಡವೆಂದರೂ ಜೇಬಿನಲ್ಲಿ ಪೆಪ್ಪರಮಿಂಟ್ ಇಟ್ಟುಕೊಂಡು ಮಕ್ಕಳಿಗೆ ಹಂಚುವವರು. ನಾನು ಸಿಟ್ಟು ಮಾಡಿದರೆ, “ಹಾಳು ಮಾಡ್ಲಿಕ್ಕೆ ನಾನು, ರಿಪೇರಿಗೆ ನೀವು. ಇಬ್ಬರಿಗೂ ಕೆಲಸ ಉಂಟಲ್ಲ ಮಾರಾಯ್ರೆ” ಎನ್ನುತ್ತಿದ್ದರು.

ಆ ಶಾಲೆ ಇದ್ದದ್ದು ಪುಂಜಾಲಕಟ್ಟೆಯಿಂದ ಒಳಗೆ, ಗುಡ್ಡದ ಬುಡದಲ್ಲಿ. ಕೊನೆಯ ಹನ್ನೊಂದು ಮಕ್ಕಳು ಗುಡ್ಡದ ಮೇಲಿನ ಕೊರಗರ ಕಾಲನಿಯವರು. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುವ ಮನೆಗಳ ಮಕ್ಕಳು. ಅವರು ಒಂದೇ ತರಗತಿಯವರಲ್ಲ. ಒಂದನೆಯದರಿಂದ ಆರನೆಯದರವರೆಗೆ ಎಲ್ಲ ತರಗತಿಗಳಿಂದ ಬಂದು ಸಾಲಿನ ಕೊನೆಯಲ್ಲಿ ಒಟ್ಟಾಗಿದ್ದರು. ಹಾಗೇಕೆಂದು ನಾನು ಕೇಳಿದ್ದು ನಿಜ. ಶಾಲೆಯ ಸುಮತಿ ಟೀಚರ್ ತುಸು ಮುಜುಗರದಿಂದಲೇ, “ಅವರು ಅಲ್ಲೇ ನಿಲ್ಲುದು ಡಾಕ್ಟ್ರೆ. ನಾನು ಮುಂದೆ ನಿಲ್ಲಿಸಿದ್ರೂ ಸ್ವಲ್ಪ ಹೊತ್ತಲ್ಲಿ ಹಿಂದೆ ಹೋಗಿರ್ತಾರೆ” ಎಂದರು. ನಾನು ತಲೆಯಾಡಿಸಿ ಮುಂದಿನ ಮಗುವನ್ನು ಕರೆದಿದ್ದೆ.

ಕನ್ನಡಿ ಮುಗಿದಾಗ ಮಾಡಬಹುದಾಗಿದ್ದುದೇನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಬೆಯ ಪಾತ್ರೆ ವ್ಯಾನಿನಲ್ಲೇ ಇತ್ತು. ಬಿಸಿಯೂಟದ ಅಡುಗೆಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಅದೂ ಬೇಡ. ಕೈಗವಸಿನ ಪೆಟ್ಟಿಗೆ ಇನ್ನೂ ಅರ್ಧ ತುಂಬಿತ್ತು. ಕೈಗವಸು ಹಾಕಿ ಒಂದು ಬೆರಳಿನಿಂದ ಕೆನ್ನೆಯನ್ನು ಸರಿಸಿದರೆ ಬಾಯಿಯ ಮುಕ್ಕಾಲು ಪಾಲು ಕಾಣುತ್ತದೆ. ಇದು ಕಾಲೇಜಿನ ಮೊದಲ ಪಾಠಗಳಲ್ಲೊಂದು.

ನಾನು ಟಾರ್ಚ್ ತೆಗೆದೆ. ಕುರ್ಚಿಯಿಂದ ಎದ್ದು ಒಂದು ಮಾರು ದೂರದಲ್ಲಿ ನಿಂತು, ಹನ್ನೊಂದು ಮಕ್ಕಳಿಗೂ ಬಾಯಿ ದೊಡ್ಡದಾಗಿ ತೆರೆಯಲು ಹೇಳಿ ಒಬ್ಬೊಬ್ಬರೊಳಗೆ ಬೆಳಕು ಬಿಟ್ಟೆ. ಯಾರನ್ನೂ ಮುಟ್ಟಲಿಲ್ಲ. ಹನ್ನೊಂದು ಕಾರ್ಡುಗಳ ಮೇಲೆ “ಪರೀಕ್ಷಿಸಲಾಗಿದೆ. ಸದ್ಯ ಚಿಕಿತ್ಸೆ ಅಗತ್ಯವಿಲ್ಲ” ಎಂದು ಬರೆದೆ. ಎಲ್ಲ ಮುಗಿಯಲು ಹತ್ತು ನಿಮಿಷ ಸಾಕಾಯಿತು.

ಅವರಲ್ಲಿ ಏಳನೆಯವಳು ದೀಕ್ಷಾ. ಎರಡನೇ ತರಗತಿ, ಏಳು ವರ್ಷ. ಬಾಯಿ ಪೂರ್ತಿ ತೆರೆಯಲಿಲ್ಲ. ಎಡಗೈ ಕೆನ್ನೆಯ ಮೇಲಿತ್ತು. ಎರಡು ದಿನದಿಂದ ಅವಳು ಅನ್ನ ಹಾಗೇ ಬಿಡುತ್ತಿದ್ದಾಳೆಂದು ಟೀಚರ್ ಹೇಳಿದರು. ಅದು ಹಾಲುಹಲ್ಲು, ತಾನಾಗಿ ಬಿದ್ದುಹೋಗುತ್ತದೆ ಎಂದು ನಾನು ಉತ್ತರಿಸಿದೆ. ಅದು ಹಾಲುಹಲ್ಲಾಗಿರಲಿಲ್ಲ. ಆರನೇ ವರ್ಷಕ್ಕೆ ಹಿಂದುಗಡೆ ಸದ್ದಿಲ್ಲದೆ ಬರುವ, ಜೀವನಪೂರ್ತಿ ಇರಬೇಕಾದ ದವಡೆಹಲ್ಲು. ತಾಯಂದಿರು ಅದನ್ನು ಹಾಲುಹಲ್ಲೆಂದು ತಪ್ಪು ತಿಳಿಯುತ್ತಾರೆ, ಅವರಿಗೆ ತಿಳಿಹೇಳಿ ಎಂದು ನನ್ನನ್ನು ಕಳುಹಿಸಿದ್ದರು.

ಏಕೆ ಮುಟ್ಟಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ತಡವಾಗಿತ್ತು ಎಂಬುದು ಒಂದು ಉತ್ತರ, ಅದು ಸುಳ್ಳಲ್ಲ. ಆದರೆ ಸಾಲಿನ ಕೊನೆಯಲ್ಲಿ ಬೇರೆ ಮಕ್ಕಳಿದ್ದು ಅವರ ಸರದಿಗೇ ಕನ್ನಡಿ ಮುಗಿದಿದ್ದರೆ ಕೈಗವಸು ಹಾಕುತ್ತಿದ್ದೆ. ಇದು ನನಗೆ ಗೊತ್ತಿದೆ. ನಮ್ಮ ಮನೆಗೆ ಬುಟ್ಟಿ ತರುತ್ತಿದ್ದ ಹೆಂಗಸು ಅಂಗಳದ ಆಚೆಯೇ ನಿಲ್ಲುತ್ತಿದ್ದಳು. ಅಜ್ಜಿ ಹೊಸ ಬುಟ್ಟಿಗೆ ನೀರು ಚಿಮುಕಿಸಿ ಒಳಗೆ ತರುತ್ತಿದ್ದರು. ಆ ನೀರಿನ ಚೊಂಬು ತಂದುಕೊಡುವುದು ನನ್ನ ಕೆಲಸವಾಗಿತ್ತು, ನಾನು ಖುಷಿಯಿಂದಲೇ ಓಡಿ ತರುತ್ತಿದ್ದೆ. ಕಾಲೇಜಿನಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡಿ ಬಹುಮಾನ ಗೆದ್ದವಳು ನಾನು. ತಲೆ ಮರೆತಿದ್ದನ್ನು ಕೈ ಮರೆತಿರಲಿಲ್ಲ.

ಎಂಟು ದಿನ ಕಳೆಯಿತು. ಚಳಿ ಹೆಚ್ಚಿತ್ತು. ಬೆಳಿಗ್ಗೆ ವ್ಯಾನಿನ ಗಾಜಿನ ಮೇಲೆ ಇಬ್ಬನಿ ನಿಲ್ಲುತ್ತಿತ್ತು. ನಾನು ಬೇರೆ ಬೇರೆ ಶಾಲೆ ಸುತ್ತುತ್ತಿದ್ದೆ, ಕಾರ್ಡುಗಳ ಕಟ್ಟು ಬೆಳೆಯುತ್ತಿತ್ತು. ಈ ಎಂಟು ದಿನಗಳಲ್ಲಿ ಗುಡ್ಡದ ಮೇಲೆ ಏನಾಯಿತೆಂದು ನನಗೆ ತಿಳಿದದ್ದು ಆಮೇಲೆ. ನಾಲ್ಕನೇ ದಿನಕ್ಕೆ ದೀಕ್ಷಾಳ ದವಡೆ ಊದಿತು. ತಾಯಿ ಸುಂದರಿಯವರು ಮಗಳನ್ನು ಕರೆದುಕೊಂಡು ಕೆಳಗಿನ ಮೆಡಿಕಲ್ ಅಂಗಡಿಗೆ ಬಂದು, ಡಾಕ್ಟರಲ್ಲಿಗೆ ಹೋಗಬೇಕೇ ಎಂದು ಕೇಳಿ ಕಾರ್ಡು ತೋರಿಸಿದರು. ಅಂಗಡಿಯವನು ಓದಿದ. ಹಲ್ಲಿನ ಡಾಕ್ಟರೇ ನೋಡಿ ಏನೂ ಇಲ್ಲವೆಂದು ಬರೆದ ಮೇಲೆ ಹೆದರುವಂಥದ್ದಿಲ್ಲ ಎಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದ. ಕಾರ್ಡು ಇಲ್ಲದಿದ್ದರೆ ಅವರು ಅಂದೇ ಆಸ್ಪತ್ರೆಗೆಂದು ಬೆಳ್ತಂಗಡಿ ಬಸ್ಸು ಹತ್ತುತ್ತಿದ್ದರು. ನಾನು ಆ ಶಾಲೆಗೆ ಹೋಗದೆಯೇ ಇದ್ದಿದ್ದರೆ ಆ ಮಗುವಿಗೆ ಒಳ್ಳೆಯದಾಗುತ್ತಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಸುಮತಿ ಟೀಚರ್ ಫೋನು ಮಾಡಿದರು. ದೀಕ್ಷಾ ಶಾಲೆಗೆ ಬಾರದ್ದಕ್ಕೆ ಕಾಲನಿಗೆ ಹೋಗಿ ನೋಡಿದ್ದರು. ಗಲ್ಲದಿಂದ ಕುತ್ತಿಗೆಯವರೆಗೆ ಊದಿದೆ, ಎಂಜಲು ನುಂಗಲಾಗದೆ ಸುರಿಯುತ್ತಿದೆ, ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರ ಹಾಗೆ ಮಾತಾಡುತ್ತಾಳೆ ಎಂದರು. ಕೊನೆಯ ಮಾತು ಕೇಳುತ್ತಲೇ ವ್ಯಾನಿನತ್ತ ಓಡಿದೆ. ಪುಸ್ತಕದಲ್ಲಿ ಓದಿದ್ದೆ. ಹಲ್ಲಿನ ಕೀವು ನಾಲಿಗೆಯ ಕೆಳಗೆ ಹರಡಿ, ನಾಲಿಗೆಯನ್ನೇ ಮೇಲೆತ್ತಿ ಉಸಿರಿನ ದಾರಿ ಮುಚ್ಚುವ ಕಾಯಿಲೆ. ಹಲ್ಲಿನಿಂದ ಜೀವ ಹೋಗುವುದು ಹೀಗೆ.

ನಾವು ಆ ದಿನ ಹತ್ತಿರದ ಇನ್ನೊಂದು ಶಾಲೆಯಲ್ಲೇ ಇದ್ದೆವು, ಇಪ್ಪತ್ತು ನಿಮಿಷದಲ್ಲಿ ತಲುಪಿದೆವು. ತೋಡಿನವರೆಗೆ, ಅಂದರೆ ಗುಡ್ಡದ ಸಣ್ಣ ಹಳ್ಳದವರೆಗೆ ಮಾತ್ರ ವ್ಯಾನು ಹೋಗುತ್ತದೆ, ಅಲ್ಲಿಂದ ಮೇಲೆ ಕಾಲುದಾರಿ. ಸುಂದರಿಯವರು ಮಗಳನ್ನು ಎತ್ತಿಕೊಂಡು ತೋಡಿನ ಆಚೆ ಇಳಿಯುತ್ತಿದ್ದರು. ತೋಡಿಗೆ ಅಡ್ಡ ಹಾಕಿದ ಮರದ ಸಂಕದ ಮೇಲೆ ಅವರು ಪಾದ ಓರೆ ಇಟ್ಟು ನಡೆದು ಬಂದುದನ್ನು ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ದೀಕ್ಷಾ ತಾಯಿಯ ಹೆಗಲಿಗೆ ಒರಗಿರಲಿಲ್ಲ. ಕತ್ತು ಮುಂದೆ ಚಾಚಿ, ಬಾಯಿ ತೆರೆದು, ನೆಟ್ಟಗೆ ಕುಳಿತಿದ್ದಳು. ಒರಗಿದರೆ ಉಸಿರು ಸಿಗುತ್ತಿರಲಿಲ್ಲ.

ಆಂಬ್ಯುಲೆನ್ಸ್ ಬರುವವರೆಗೆ ಕಾಯುವ ಧೈರ್ಯವಾಗಲಿಲ್ಲ. ನಮ್ಮ ಹಿರಿಯ ವೈದ್ಯರಿಗೆ ಫೋನು ಮಾಡಿದೆ. ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡ, ಮಲಗಿಸಬೇಡ, ನೇರ ಮಂಗಳೂರಿಗೆ ಎಂದರು. ಸುಂದರಿಯವರ ಮಡಿಲಲ್ಲಿ ಮಗು, ಮಗುವಿನ ಹಣೆಗೆ ನನ್ನ ಅಂಗೈ. ಪ್ರತಿ ಉಸಿರಿಗೂ ಒದ್ದೆ ಬಟ್ಟೆ ಹರಿದಂಥ ಒಂದು ಸದ್ದು. ಆ ಸದ್ದು ನಿಂತಾಗಲೆಲ್ಲ ನಾನೂ ಉಸಿರು ಹಿಡಿಯುತ್ತಿದ್ದೆ. ಬಂಟ್ವಾಳ ದಾಟುವಲ್ಲಿ ರಸ್ತೆ ಅಗೆದಿದ್ದರು. ಒಂದೇ ಕಡೆಯಿಂದ ವಾಹನ ಬಿಡುತ್ತಿದ್ದರು, ಮುಂದೆ ಲಾರಿಗಳು. ಹಮೀದಾಕ ಇಳಿದು ಕೆಂಪು ಬಾವುಟ ಹಿಡಿದವನ ಹತ್ತಿರ ಓಡಿದರು. ಆ ಆರೇಳು ನಿಮಿಷ ನಾನು ಏನೂ ಮಾಡಲಾರದೆ ಕುಳಿತಿದ್ದೆ. ಕುತ್ತಿಗೆಯಲ್ಲಿ ಉಸಿರಿನ ದಾರಿ ತೆರೆಯಲು ಎಲ್ಲಿ ಕೊಯ್ಯಬೇಕೆಂಬ ಚಿತ್ರ ಪುಸ್ತಕದ ಯಾವ ಪುಟದಲ್ಲಿತ್ತೆಂದು ನೆನಪಿತ್ತು. ನನ್ನ ಕೈಯಿಂದ ಅದು ಆಗುವುದಿಲ್ಲವೆಂದೂ ಗೊತ್ತಿತ್ತು. ಈಗಲೂ ಕನಸಿನಲ್ಲಿ ಲಾರಿಗಳು ಸರಿಯುವುದಿಲ್ಲ.

ಆಗ ಸುಂದರಿಯವರು ಮೊದಲ ಬಾರಿಗೆ ನನ್ನೊಡನೆ ಮಾತಾಡಿದರು. ತುಳುವಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದರು. “ಮೊನ್ನೆ ನೀವೇ ಅಲ್ವಾ ನೋಡಿದ್ದು?”

ಹೌದು ಎಂದೆ. ಅವರು ಸೆರಗಿನಿಂದ ಮಗುವಿನ ಗಲ್ಲ ಒರೆಸಿದರು. ಹಮೀದಾಕ ಹತ್ತಿ ಕುಳಿತು ಗೇರ್ ಹಾಕುತ್ತ, ಮಗುವನ್ನು ಮಾತಾಡಿಸುತ್ತಿರಿ, ನಿದ್ದೆ ಹೋಗಲು ಬಿಡಬೇಡಿ ಎಂದರು. ಮಂಗಳೂರಿನವರೆಗೂ ಅವರೇ ಸ್ಟೇರಿಂಗಿನ ಹಿಂದಿನಿಂದ, ತಮ್ಮ ಮನೆಯ ಬೆಕ್ಕು ಹೇಗೆ ದಿನಾ ಮೀನು ಕದ್ದು ಪೆಟ್ಟು ತಿನ್ನುತ್ತದೆ ಎಂಬ ಕತೆಯನ್ನು ನಿಲ್ಲಿಸದೆ ಹೇಳಿದರು.

ಆಸ್ಪತ್ರೆಯಲ್ಲಿ ಬಾಗಿಲಿನಿಂದಲೇ ಒಳಗೆ ಒಯ್ದರು. ಮೂಗಿನಿಂದ ನಳಿಗೆ ಇಳಿಸಿ ಉಸಿರಿಗೆ ದಾರಿ ಮಾಡಿದರು. ಗಲ್ಲದ ಕೆಳಗೆ ಕೊಯ್ದು ಕೀವು ಹೊರಗೆ ಬಿಟ್ಟು, ಹಲ್ಲು ಕಿತ್ತರು. ಇನ್ನೊಂದು ಗಂಟೆ ತಡವಾಗಿದ್ದರೆ ಎಂದು ಶುರುಮಾಡಿದ ನರ್ಸ್ ತಾಯಿಯ ಮುಖ ನೋಡಿ, ಕೂರಲು ಕುರ್ಚಿ ಎಳೆದುಕೊಟ್ಟರು.

ಡ್ಯೂಟಿಯಲ್ಲಿದ್ದ ತರುಣ ವೈದ್ಯ ಹೊರಗೆ ಬಂದು ವಿವರ ಬರೆದುಕೊಂಡ. ಮೊದಲು ಎಲ್ಲಾದರೂ ತೋರಿಸಿದ್ದಿರಾ ಎಂದಾಗ ಸುಂದರಿಯವರು ರವಿಕೆಯೊಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡು ತೆಗೆದು ಕೊಟ್ಟರು. ಅವನು ಓದಿ ನನ್ನತ್ತ ತಿರುಗಿ, “ಇದನ್ನು ಯಾವ ಕತ್ತೆ ನೋಡಿದ್ದು ಮಾರಾಯ್ರೆ?” ಎಂದ.

ನನ್ನ ಸಹಿ ಗೀಚಿದಂತಿರುತ್ತದೆ, ಹೆಸರು ತಿಳಿಯುವುದಿಲ್ಲ. ಶಾಲೆಯ ಕ್ಯಾಂಪಿನಲ್ಲಿ ಯಾರೋ ನೋಡಿದ್ದಾರೆ ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ. ಸುಂದರಿಯವರು ಪಕ್ಕದಲ್ಲೇ ನಿಂತು ನನ್ನ ಬಾಯಿಯನ್ನು ನೋಡುತ್ತಿದ್ದರು.

ನಾಲ್ಕನೇ ದಿನ ನಳಿಗೆ ತೆಗೆದರು. ಹನ್ನೆರಡನೇ ದಿನ ಮನೆಗೆ ಕಳುಹಿಸಿದರು. ಈ ನಡುವೆ ನಾನು ನಮ್ಮ ಮುಖ್ಯಸ್ಥರಿಗೆ ನಡೆದದ್ದನ್ನು ಬರೆದುಕೊಟ್ಟೆ. ಕನ್ನಡಿ ಸಾಲಲಿಲ್ಲ ಎಂದು ಬರೆದೆ, ಕೈಗವಸಿನ ಮಾತು ಬರೆಯಲಿಲ್ಲ. ಅವರು ನನ್ನನ್ನು ಸಮಾಧಾನಪಡಿಸಿದರು. ಸಮಯಕ್ಕೆ ಸರಿಯಾಗಿ ಮಂಗಳೂರಿಗೆ ಒಯ್ದದ್ದಕ್ಕೆ ಎಲ್ಲರ ಮುಂದೆ ಹೊಗಳಿದರು. ಮುಂದಿನ ವಾರವೇ ಇನ್ನೂ ನಲವತ್ತು ಕನ್ನಡಿ ಬಂದವು. ಚಪ್ಪಾಳೆ ತಟ್ಟುವವರ ನಡುವೆ ಹಮೀದಾಕ ಮಾತ್ರ ಕೈಕಟ್ಟಿ ನಿಂತಿದ್ದರು. ಕ್ಯಾಂಪಿನ ದಿನ ಶಾಲೆಯ ಜಗಲಿಯಲ್ಲಿ ಬೆಂಚಿನ ಮೇಲೆ ಕುಳಿತು ಅವರು ಎಲ್ಲ ನೋಡಿದ್ದರು.

ನಿದ್ದೆ ನನ್ನನ್ನು ಬಿಟ್ಟುಹೋಗಿತ್ತು. ಕಣ್ಣು ಮುಚ್ಚಿದರೆ ಒದ್ದೆ ಬಟ್ಟೆ ಹರಿಯುವ ಸದ್ದು. ಎರಡು ವಾರ ಹೀಗೇ ಕಳೆದ ಮೇಲೆ ಒಂದು ಗುರುವಾರ ಹಮೀದಾಕನೊಡನೆ ಕಾಲನಿಗೆ ಹೋದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಸುಂದರಿಯವರು ಜಗಲಿಯಲ್ಲಿ ಬಳ್ಳಿ ಸೀಳುತ್ತಿದ್ದರು. ದೀಕ್ಷಾ ಗಲ್ಲದ ಕೆಳಗೆ ಪಟ್ಟಿ ಅಂಟಿಸಿಕೊಂಡು ಪಕ್ಕದಲ್ಲಿ ಕುಳಿತಿದ್ದಳು. ನನ್ನನ್ನು ಕಂಡು ಒಳಗೆ ಹೋದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವತ್ತು ಸರಿಯಾಗಿ ನೋಡಲಿಲ್ಲ, ನೋಡಬಹುದಿತ್ತು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ. ಅವರು ಬಳ್ಳಿ ಸೀಳುವುದನ್ನು ನಿಲ್ಲಿಸಲಿಲ್ಲ.

“ಗೊತ್ತುಂಟು” ಎಂದರು. “ಅವಳು ಅವತ್ತು ಸಂಜೆಯೇ ಹೇಳಿದ್ದಳು. ಡಾಕ್ಟ್ರು ಎಲ್ಲ ಮಕ್ಕಳ ಬಾಯಿಗೆ ಕೈ ಹಾಕಿದ್ರು, ನಮ್ಮನ್ನು ಮುಟ್ಟಲಿಲ್ಲ ಅಂತ.”

ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಎಂದೆ.

“ಹೇಳಿದ್ರೆ ನೀವು ಮತ್ತೆ ಬರುದಿಲ್ಲ.” ಚೂರಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ಉಳಿದ ಹತ್ತು ಮಕ್ಕಳದ್ದು ಎಂತ? ಅದನ್ನೂ ಹಾಗೇ ನೋಡಿದ್ದಲ್ವಾ?”

ಕ್ಷಮೆ ಕೇಳಲು ಹೋದವಳಿಗೆ ಆ ಹತ್ತು ಮಕ್ಕಳ ನೆನಪೇ ಬಂದಿರಲಿಲ್ಲ. ಎರಡು ವಾರ ನಿದ್ದೆಗೆಟ್ಟು ನಾನು ಯೋಚಿಸಿದ್ದು ನನ್ನ ಬಗ್ಗೆ ಮಾತ್ರ. ಅದು ಅರಿವಾದಾಗ ಆದ ನಾಚಿಕೆಯೇ ಮೊದಲಿನದಕ್ಕಿಂತ ಹೆಚ್ಚಿನದು.

ಮರುದಿನ ಬೆಳಿಗ್ಗೆ ಪೆಟ್ಟಿಗೆಗಳನ್ನು ಹೊತ್ತು ಸಂಕ ದಾಟಿ ಅಲ್ಲಿಗೇ ಹೋದೆವು. ಮಕ್ಕಳು ವ್ಯಾನಿನ ಸದ್ದಿಗೆ ಗುಡ್ಡಕ್ಕೆ ಓಡಿದ್ದರು. ಸುಂದರಿಯವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈದು ಕರೆತಂದರು. ಹತ್ತರಲ್ಲಿ ಇಬ್ಬರ ಒಸಡಿನಲ್ಲಿ ಕೀವಿತ್ತು. ಆರು ಮಕ್ಕಳ ಹೊಸ ದವಡೆಹಲ್ಲು ತೂತಾಗಿತ್ತು. ಬೆಳಿಗ್ಗೆ ಸಕ್ಕರೆ ಚಾ, ಅದರಲ್ಲಿ ಅದ್ದಿದ ಬಿಸ್ಕತ್ತು, ಅಂಗಡಿಯ ಐಸ್‌ಕ್ಯಾಂಡಿ. ಎಲ್ಲ ಮಕ್ಕಳೂ ತಿನ್ನುವುದೇ. ಇವರಿಗೆ ಹಲ್ಲು ನೋವಾದಾಗ ತೋರಿಸಲು ಹತ್ತಿರದಲ್ಲಿ ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮುಖ್ಯಸ್ಥರಿಗೆ ಎರಡನೇ ಪತ್ರ ಬರೆದೆ, ಈ ಬಾರಿ ಕೈಗವಸಿನ ಮಾತನ್ನೂ ಸೇರಿಸಿ. ಅವರು ಓದಿ ಹೊಗಳಿಕೆ ಹಿಂದೆ ತೆಗೆದುಕೊಂಡರು, ಗುರುವಾರಗಳನ್ನು ಆ ಶಾಲೆಗೆಂದೇ ಬಿಟ್ಟುಕೊಟ್ಟರು. ಆ ಚಳಿಗಾಲದ ಪ್ರತಿ ಗುರುವಾರ ಅಲ್ಲಿಗೆ ಹೋದೆ. ಯಂತ್ರ ಬೇಡದ ಒಂದು ವಿಧಾನವಿದೆ. ಹುಳುಕನ್ನು ಸಣ್ಣ ಚಮಚದಂಥ ಸಲಕರಣೆಯಿಂದ ಕೆರೆದು, ತೂತಿಗೆ ಸಿಮೆಂಟು ತುಂಬಿ, ಬೆರಳಿನಿಂದಲೇ ಅದುಮಿ ಹಿಡಿಯಬೇಕು. ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಬೆರಳು ಮಗುವಿನ ಬಾಯಲ್ಲೇ ಇರುತ್ತದೆ. ಮಕ್ಕಳು ಕಣ್ಣು ಪಿಳುಕಿಸದೆ ನನ್ನನ್ನೇ ನೋಡುತ್ತಿದ್ದರು.

ಶಾಲೆಯಲ್ಲಿ ಸಾಲನ್ನು ಕೊನೆಯಿಂದ ಶುರುಮಾಡುತ್ತೇನೆಂದೆ. ದೊಡ್ಡ ನ್ಯಾಯ ಮಾಡಿದೆನೆಂದುಕೊಂಡಿದ್ದೆ. ಎರಡನೇ ವಾರಕ್ಕೆ ಆ ಹನ್ನೊಂದು ಮಕ್ಕಳು ಸಾಲಿನ ಮೊದಲಿಗೆ ಬಂದು ನಿಂತಿದ್ದರು, ಮತ್ತೆ ಕೊನೆಯವರಾಗಲು. ಹಮೀದಾಕ ನಕ್ಕು ನಕ್ಕು, ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಕಡೆಗೆ ಸುಮತಿ ಟೀಚರ್ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಲು ತೊಡಗಿದರು, ಸಾಲೇ ಬೇಡವೆಂದು. ಊಟದ ನಂತರ ನಲ್ಲಿಯ ಹತ್ತಿರ ಎಲ್ಲರೂ ಒಟ್ಟಿಗೆ ಹಲ್ಲುಜ್ಜುವ ಪದ್ಧತಿಯೂ ಬಂತು. ಅದನ್ನು ನೋಡಿಕೊಂಡವರು ಸುಂದರಿಯವರು. ಬುಟ್ಟಿ ಮಾರಲು ಇಳಿಯುವ ದಾರಿಯಲ್ಲಿ ಶಾಲೆಗೆ ಬಂದು, ಯಾರ ಬ್ರಷ್ಷು ಒಣಗಿದೆ ಎಂದು ಮುಟ್ಟಿ ನೋಡಿ ಕಳ್ಳರನ್ನು ಹಿಡಿಯುತ್ತಿದ್ದರು. ಮೇಷ್ಟ್ರ ಮಗನನ್ನೂ ಬಿಡಲಿಲ್ಲ.

ನನ್ನೊಡನೆ ಅವರು ಕೆಲಸದ ಮಾತಷ್ಟೇ ಆಡುತ್ತಿದ್ದರು. ಮನೆಗೆ ಹೋದಾಗ ಎಂದಾದರೂ ಒಂದು ಲೋಟ ಚಾ ಕೊಡುತ್ತಾರೆ, ಕುಡಿದು ತೋರಿಸಬೇಕು ಎಂದು ನಾನು ಕಾದಿದ್ದೆ. ಹಮೀದಾಕನಿಗೆ ಕೊಡುತ್ತಿದ್ದರು. ನನಗೆ ಕೊಡಲಿಲ್ಲ.

ದೀಕ್ಷಾ ಮಾತ್ರ ಮಲಗುತ್ತಿರಲಿಲ್ಲ. ಗಾಯ ಒಣಗಿತು, ಊಟ ಸೇರತೊಡಗಿತು, ಶಾಲೆಗೂ ಬಂದಳು. ಆದರೆ ಬೆನ್ನು ನೆಲಕ್ಕೆ ತಾಗಿದರೆ ಉಸಿರು ನಿಲ್ಲುತ್ತದೆಂದು ಅವಳಿಗೆ ನಂಬಿಕೆಯಾಗಿತ್ತು. ಗೋಡೆಗೋ ತಾಯಿಯ ಎದೆಗೋ ಒರಗಿ ಕುಳಿತೇ ತೂಕಡಿಸುವಳು, ಬೆಚ್ಚಿ ಏಳುವಳು. ತಾಯಿ ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತ ಬೆಳಗು ಮಾಡುತ್ತಿದ್ದರು. ಹಗಲು ಬಳ್ಳಿ ಸೀಳುವಾಗ ಚೂರಿ ಜಾರಿ ಅವರ ಬೆರಳು ಎರಡು ಸಲ ಕೊಯ್ದುಹೋಯಿತು. ಇದಕ್ಕೆ ನನ್ನ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ವೈದ್ಯರಿಗೆ ತೋರಿಸಿದೆವು. ಗಂಟಲು ಸರಿಯಿದೆ, ಹೆದರಿಕೆ ಹೋಗಲು ಸಮಯ ಬೇಕು ಎಂದರು.

ಶಿವರಾತ್ರಿ ಕಳೆದು ಸೆಖೆ ಶುರುವಾಗಿತ್ತು. ಆ ಗುರುವಾರ ಶಾಲೆಯ ನಲ್ಲಿಯ ಹತ್ತಿರ ಸುಂದರಿಯವರು ಇರಲಿಲ್ಲ. ಹಾಜರಿಯಲ್ಲಿ ದೀಕ್ಷಾಳ ಹೆಸರಿಗೆ ಉತ್ತರ ಬರಲಿಲ್ಲ. ಪೆಟ್ಟಿಗೆ ಅಲ್ಲೇ ಬಿಟ್ಟು ಹೊರಟೆ. ತೋಡು ದಾಟಿ ಏದುಸಿರು ಬಿಡುತ್ತ ಅಂಗಳ ತಲುಪಿದಾಗ ಅವರು ಕೆದರಿದ ಕೂದಲಲ್ಲಿ ಬಾಗಿಲಿಗೆ ಬಂದರು. ಆಗಷ್ಟೇ ಎದ್ದಿದ್ದರು. ಹತ್ತೂವರೆಯಾಗಿತ್ತು. ಹೊತ್ತು ಏರುವವರೆಗೆ ಮಲಗಿದ್ದಕ್ಕೆ ನಾಚಿಕೊಂಡು ಸೆರಗು ಸರಿಮಾಡಿಕೊಂಡರು. ನಾನು ಮಾತಾಡುವ ಮೊದಲೇ ಬಾಯಿಯ ಮೇಲೆ ಬೆರಳಿಟ್ಟರು.

“ಮಲಗಿದ್ದಾಳೆ. ನಿನ್ನೆ ರಾತ್ರಿಯಿಂದ ಒಂದೇ ನಿದ್ದೆ” ಎಂದು ಪಿಸುಗುಟ್ಟಿದರು. “ಎಬ್ಬಿಸ್ಬೇಡಿ.”

ಬಾಗಿಲಿನಿಂದ ಇಣುಕಿದೆ. ದೀಕ್ಷಾ ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡಿದ್ದಳು, ಕೈಕಾಲು ನಾಲ್ಕು ದಿಕ್ಕಿಗೆ, ಬಾಯಿ ತೆರೆದು. ಉಸಿರು ಸದ್ದಿಲ್ಲದೆ ಬಂದು ಹೋಗುತ್ತಿತ್ತು. ಸುಂದರಿಯವರು ಮತ್ತೆ ಒಳಗೆ ಹೋಗಿ ಮಗಳ ಪಕ್ಕದಲ್ಲಿ ಮಲಗಿದರು. ನಾನು ಶಾಲೆಗೆ ಹಿಂದಿರುಗಿ ಕೆಲಸ ಮುಗಿಸಿದೆ.

ಅಷ್ಟು ದಿನಗಳ ಮೇಲೆ ಆ ರಾತ್ರಿ ನಾನೂ ಸರಿಯಾಗಿ ಮಲಗಿದೆ. ಎಚ್ಚರವಾದಾಗ ಬಿಸಿಲು ಕಿಟಕಿಯಿಂದ ಮಂಚದವರೆಗೆ ಬಂದಿತ್ತು. ಒಂದು ಸಲವೂ ಬೆಚ್ಚಿ ಎದ್ದಿರಲಿಲ್ಲ. ಸ್ವಲ್ಪ ಹೊತ್ತು ಮೈ ಹಗುರವಾಗಿತ್ತು. ಆಮೇಲೆ, ಅವರಿಬ್ಬರು ಮಲಗಿದ ಮರುರಾತ್ರಿಯೇ ನನಗೂ ಇಷ್ಟು ಸುಲಭವಾಗಿ ನಿದ್ದೆ ಬಂದುಬಿಟ್ಟಿತಲ್ಲ ಎಂದು ನಾಚಿಕೆಯಾಗಿ, ಎದ್ದು ಹೊರಗೆ ಬರಲು ಬಹಳ ಹೊತ್ತು ಬೇಕಾಯಿತು.